ಲಕ್ಷ್ಮೀರಾಮ ಮಾಸ್ತರರ ನಾಲ್ಕನೆಯ ಇಯತ್ತೆ

ಶಿಕ್ಷಣದ ಮೇಲೆ ಬರೆದ ಪುಸ್ತಕಗಳನ್ನು ಓದುವವರು ನಮ್ಮಲ್ಲಿ ಬಹುಮಟ್ಟಿಗೆ ಎರಡೇ ವರ್ಗದವರು. ಬಿ.ಎಡ್. ಪರೀಕ್ಷೆಗೆ ಕೂಡುವವರು ಒಂದು, ಅವರಿಗೆ ಪಾಠ ಹೇಳುವವರು ಇನ್ನೊಂದು. ಮಕ್ಕಳನ್ನು ಶಾಲೆಗೆ ಕಳಿಸಿ, ಫೀ ಕಟ್ಟಿ, ಅಂಕಪಟ್ಟಿಗೆ ಸಹಿ ಹಾಕುವ ನಮ್ಮಂಥವರು ಆ ಕಪಾಟಿನ ಕಡೆಗೆ ಹಾಯುವುದೇ ಇಲ್ಲ. ಗುಜರಾತಿನ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ' ನಮ್ಮಂಥವರೂ ಓದಬೇಕಾದ ಪುಸ್ತಕ. ಮಾಸ್ತರರಿಗಾಗಿ ಬರೆದದ್ದೇನೋ ಹೌದು. ಆದರೆ ಅದನ್ನು ಓದಿ ಹೆಚ್ಚು ಮುಜುಗರಪಡಬೇಕಾದವರು ಪಾಲಕರು. ಮುಂಬಯಿಯಲ್ಲಿ ನೆಲೆಸಿದ ನಮಗೆ ಗುಜರಾತಿ ಓಣಿಯ ಭಾಷೆ, ಕಿರಾಣಿ ಅಂಗಡಿಯ ಭಾಷೆ. ಆ ಭಾಷೆಯಲ್ಲಿ ಇಂಥದೊಂದು ಪುಸ್ತಕವಿದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಪ್ರಾಥಮಿಕ ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿ ಒಂದು ವರ್ಷ ಏನೇನು ನಡೆಯಿತು ಎಂಬುದೇ ಇಡೀ ಪುಸ್ತಕದ ವಸ್ತು. ಪ್ರಯೋಗದ ಆರಂಭ, ಪ್ರಯೋಗದ ಪ್ರಗತಿ, ಸತ್ರದ ಕೊನೆ, ಕೊನೆಯ ಸಮ್ಮೇಳನ, ಹೀಗೆ ನಾಲ್ಕು ಭಾಗಗಳು. ಕತೆ ಹೇಳುವವನು ಲಕ್ಷ್ಮೀರಾಮನೆಂಬ ಮಾಸ್ತರ. ಅವನು ಶಿಕ್ಷಣದ ಬಗೆಗೆ ಓದಿದ್ದಾನೆ, ಯೋಚಿಸಿದ್ದಾನೆ, ಆದರೆ ತರಗತಿಯ ಮುಂದೆ ನಿಂತವನಲ್ಲ. ವಿದ್ಯಾಧಿಕಾರಿಯ ಬಳಿಗೆ ಹೋಗಿ, ನನಗೆ ಒಂದು ವರ್ಗ ಕೊಡಿ, ನನ್ನ ವಿಚಾರಗಳನ್ನು ಪರೀಕ್ಷಿಸಿ ನೋಡುತ್ತೇನೆ ಎಂದು ಕೇಳುತ್ತಾನೆ. ಅಧಿಕಾರಿ ನಗುತ್ತಾರೆ, ಆದರೂ ಒಪ್ಪುತ್ತಾರೆ. ಷರತ್ತು ಒಂದೇ: ವರ್ಷದ ಕೊನೆಗೆ ಪರೀಕ್ಷೆಯಾಗುತ್ತದೆ, ಅದರ ಮೇಲೆ ನಿನ್ನ ಕೆಲಸವನ್ನು ಅಳೆಯುತ್ತೇವೆ. ಇಪ್ಪತ್ತು ವರ್ಷ ಕಡತಗಳ ನಡುವೆ ಕುಳಿತ ನನಗೆ ಈ ಮೊದಲ ದೃಶ್ಯವನ್ನು ನಂಬುವುದೇ ಕಷ್ಟವಾಯಿತು. ಅರ್ಜಿಯಿಲ್ಲ, ಟಿಪ್ಪಣಿಯಿಲ್ಲ, ಮೇಲಿನವರ ಮಂಜೂರಾತಿಯಿಲ್ಲ. ಬಾಯಿಮಾತಿನಲ್ಲಿ ಒಂದು ಇಯತ್ತೆಯನ್ನೇ ಒಪ್ಪಿಸಿಬಿಡುವುದೆಂದರೆ! ಹಗಲುಗನಸು ಎಂಬ ಹೆಸರು ಇಲ್ಲಿಂದಲೇ ಸಾರ್ಥಕವಾಗುತ್ತದೆ ಎಂದು ನಕ್ಕು ಮುಂದೆ ಓದಿದೆ.

ಮುಂದಿನ ಪುಟಗಳಲ್ಲಿ ನಗು ನಿಲ್ಲುತ್ತದೆ. ಮೊದಲ ದಿನದ ವರ್ಣನೆ ಪುಸ್ತಕದ ಅತ್ಯುತ್ತಮ ಭಾಗವೆಂದು ನನ್ನ ಅಭಿಪ್ರಾಯ. ಲಕ್ಷ್ಮೀರಾಮ ಹಿಂದಿನ ರಾತ್ರಿ ಎಲ್ಲ ಸಿದ್ಧತೆ ಮಾಡಿಕೊಂಡು ಬಂದಿದ್ದಾನೆ. ಮಾಂಟೆಸೋರಿಯವರ 'ಶಾಂತಿಯ ಆಟ'ದಿಂದ ಆರಂಭಿಸಬೇಕೆಂಬ ಯೋಜನೆ. ಮಕ್ಕಳೆಲ್ಲ ಸದ್ದಿಲ್ಲದೆ ಕೂಡಬೇಕು, ಸುತ್ತಲಿನ ಸಣ್ಣ ಸಪ್ಪಳಗಳನ್ನು ಕೇಳಬೇಕು. ಕಾಗದದ ಮೇಲೆ ಎಷ್ಟು ಚಂದ! ಹುಡುಗರು ಮಾತ್ರ ಈ ಹೊಸ ಮಾಸ್ತರನನ್ನು ಒಂದೇ ನೋಟಕ್ಕೆ ಅಳೆದುಬಿಡುತ್ತಾರೆ. ಶಾಂತಿಯ ಬದಲು ಗದ್ದಲ, ಕೂಗು, ಕಾಲು ಬಡಿತ, ನಗೆ. ಯೋಜನೆಯೆಲ್ಲ ಮಣ್ಣುಪಾಲು. ಕಡೆಗೆ ಅವನು ತರಗತಿಯನ್ನೇ ಬಿಟ್ಟುಬಿಡುತ್ತಾನೆ. ಹುಡುಗರು ಹೋ ಎಂದು ಓಡುತ್ತಾರೆ, ಇತರ ಮಾಸ್ತರರು ಹುಬ್ಬೇರಿಸುತ್ತಾರೆ, ಅಪ್ಪಣೆಯಿಲ್ಲದೆ ರಜೆ ಕೊಟ್ಟದ್ದಕ್ಕೆ ಮುಖ್ಯೋಪಾಧ್ಯಾಯರು ಸಿಡುಕುತ್ತಾರೆ.

ತನ್ನ ತತ್ತ್ವವನ್ನು ಸಾರಲು ಪುಸ್ತಕ ಬರೆಯುವ ಯಾವ ಸುಧಾರಕ ಹೀಗೆ ಸೋಲಿನಿಂದ ಆರಂಭಿಸುತ್ತಾನೆ? ಅದೂ ತಾನು ಗುರುಸ್ಥಾನದಲ್ಲಿಟ್ಟ ಮಾಂಟೆಸೋರಿಯವರ ಆಟವನ್ನೇ ಸೋಲಿಸಿ! ಗಿಜುಭಾಯಿಯವರ ಪ್ರಾಮಾಣಿಕತೆ ನನಗೆ ಕಂಡದ್ದು ಇಲ್ಲಿ. ಪುಸ್ತಕದಿಂದ ಬಂದ ಉಪಾಯ ಪುಸ್ತಕದಷ್ಟೇ ಒಣಗಿದ್ದು ಎಂಬುದನ್ನು ಅವರು ಉಪದೇಶಿಸುವುದಿಲ್ಲ, ನಡೆದದ್ದನ್ನು ತೋರಿಸಿ ಬಿಡುತ್ತಾರೆ.

ಎರಡನೆಯ ದಿನ ಲಕ್ಷ್ಮೀರಾಮ ಯೋಜನೆಯ ಕಾಗದವನ್ನು ಬದಿಗಿಟ್ಟು ಕತೆ ಆರಂಭಿಸುತ್ತಾನೆ. ಒಬ್ಬ ರಾಜ, ಅವನ ರಾಣಿಯರು, ನಮ್ಮ ಅಜ್ಜಿಯರ ಕತೆಗಳಂಥದೇ. ನಿನ್ನೆ ಕಿವಿಗಡಚಿಕ್ಕುವಂತೆ ಕೂಗಿದ ಹುಡುಗರು ಬಾಯಿ ತೆರೆದು ಕೂಡುತ್ತಾರೆ. ಕತೆ ಮುಗಿಯುವುದಿಲ್ಲ, ನಾಳೆಗೆ ಉಳಿಯುತ್ತದೆ. ನಾಳೆ ಕತೆ ಬೇಗ ಶುರುವಾಗಲೆಂದು ಹುಡುಗರು ಹಾಜರಿಗೆ ತಾವಾಗಿ ಸುಮ್ಮನಾಗುತ್ತಾರೆ. ಹಿಂದಿನ ದಿನ ಮಾಂಟೆಸೋರಿಯ ಆಟಕ್ಕೆ ಸಿಗದ ಶಾಂತಿ ಅಜ್ಜಿಯ ಕತೆಗೆ ಸಿಕ್ಕಿತು. ಮುಖ್ಯೋಪಾಧ್ಯಾಯರಿಗೆ ಇದು ಕಾಲಹರಣ. ದಿನವಿಡೀ ಕತೆಯಾದರೆ ಪಾಠ ಯಾವಾಗ ಎಂಬುದು ಅವರ ಪ್ರಶ್ನೆ. ಕತೆಯೇ ಪಾಠ ಎಂಬುದು ಲಕ್ಷ್ಮೀರಾಮನ ಉತ್ತರ. ಕೇಳುವುದನ್ನು ಕಲಿಯದ ಮಗು ಓದುವುದನ್ನು ಹೇಗೆ ಕಲಿತೀತು? ಕೇಳಿದ ಕತೆಯನ್ನು ಮತ್ತೆ ಓದಬೇಕೆಂದು ಹುಡುಗರಿಗೆ ಅನಿಸತೊಡಗಿದಾಗ ಪುಸ್ತಕಗಳು ತರಗತಿಯೊಳಗೆ ಬರುತ್ತವೆ. ಎಲ್ಲರೂ ಒಂದೇ ಪಠ್ಯಪುಸ್ತಕವನ್ನು ಕೊಳ್ಳುವ ಬದಲು ಆ ಹಣವನ್ನೆಲ್ಲ ಕೂಡಿಸಿ ಬೇರೆ ಬೇರೆ ಪುಸ್ತಕಗಳನ್ನು ತಂದು ತರಗತಿಯಲ್ಲೇ ಸಣ್ಣ ಗ್ರಂಥಾಲಯ ಮಾಡೋಣ ಎನ್ನುತ್ತಾನೆ ಲಕ್ಷ್ಮೀರಾಮ. ನಮ್ಮ ಕಚೇರಿಯಲ್ಲಾಗಿದ್ದರೆ, ಒಂದು ಬಾಬಿನ ಹಣವನ್ನು ಇನ್ನೊಂದಕ್ಕೆ ತಿರುಗಿಸಿದ್ದೀರಿ ಎಂದು ಲೆಕ್ಕಪರಿಶೋಧಕರ ಆಕ್ಷೇಪಣೆ ಬರುತ್ತಿತ್ತು. ಇಲ್ಲಿ ಆಕ್ಷೇಪಣೆ ಬಂದದ್ದು ಪಾಲಕರಿಂದ. ನನ್ನ ಮಗನಿಗೆ ಅವನದೇ ಪುಸ್ತಕ ಬೇಕು, ಮನೆಯಲ್ಲಿ ಕೂಡಿಸಿ ಓದಿಸಬೇಕು ಎಂಬ ಅವರ ಮಾತು ಈಗಿನ ಯಾವ ಪಾಲಕರ ಸಭೆಯಲ್ಲಾದರೂ ಕೇಳಬಹುದಾದದ್ದು.

ಆಮೇಲೆ ಆಟಗಳು ಬರುತ್ತವೆ, ಆಟದೊಂದಿಗೆ ಜಗಳಗಳೂ. ಕೊಳೆ ಹಿಡಿದ ಟೋಪಿ, ಬೆಳೆದ ಉಗುರುಗಳ ಪ್ರಕರಣ ಬರುತ್ತದೆ. ವ್ಯಾಕರಣ ಆಟವಾಗುತ್ತದೆ: ನಾಮಪದ, ಕ್ರಿಯಾಪದಗಳನ್ನು ವ್ಯಾಖ್ಯೆಯಿಂದ ಕಲಿಸದೆ ಹುಡುಗರನ್ನು ಏಳಿಸಿ, ಕೂಡಿಸಿ, ಓಡಿಸಿ ಕಲಿಸುತ್ತಾನೆ. ಇತಿಹಾಸ ಕತೆಯಾಗುತ್ತದೆ. ಗಿಳಿಪಾಠದ ಪದ್ಯಗಳ ಜಾಗಕ್ಕೆ ಜಾನಪದ ಗೀತಗಳು ಬರುತ್ತವೆ. ನಾಟಕವೂ ಉಂಟು. ಆದರೆ ಅದು ನಮ್ಮ ವಾರ್ಷಿಕೋತ್ಸವದ ನಾಟಕದಂತಲ್ಲ; ಬಾಯಿಪಾಠದ ಮಾತಿಲ್ಲ, ಬಾಡಿಗೆಯ ವೇಷವಿಲ್ಲ. ಕೇಳಿದ ಕತೆಯನ್ನು ಹುಡುಗರು ತಮ್ಮ ಮಾತಿನಲ್ಲಿ ಆಡಿ ತೋರಿಸುತ್ತಾರೆ. ಇವೆಲ್ಲವನ್ನೂ ವಿವರಿಸಿ ಓದುಗರ ರುಚಿ ಕೆಡಿಸುವುದಿಲ್ಲ. ಪಾಲಕರ ಸಭೆಯ ಪ್ರಕರಣವೊಂದನ್ನು ಮಾತ್ರ ಹೇಳಬೇಕು. ಲಕ್ಷ್ಮೀರಾಮ ಎಲ್ಲರನ್ನೂ ಕರೆಯುತ್ತಾನೆ, ಬಂದವರು ಬೆರಳೆಣಿಕೆಯಷ್ಟು. ನಮ್ಮ ಸಂಘದ ಸರ್ವಸಾಧಾರಣ ಸಭೆಗಳ ಹಾಜರಿ ಪುಸ್ತಕ ನೋಡಿದವರಿಗೆ ಆಶ್ಚರ್ಯವಾಗಲಾರದು.

ಗಿಜುಭಾಯಿ ಯಾರು ಎಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. 1885ರಲ್ಲಿ ಸೌರಾಷ್ಟ್ರದಲ್ಲಿ ಹುಟ್ಟಿದವರು, 1907ರಲ್ಲಿ ಪೂರ್ವ ಆಫ್ರಿಕೆಗೆ ಹೋಗಿ ಬಂದವರು, ವೃತ್ತಿಯಿಂದ ವಕೀಲರು. 1913ರಲ್ಲಿ ಮಗ ಹುಟ್ಟಿದಾಗ ಅವನನ್ನು ಹೇಗೆ ಬೆಳೆಸಬೇಕೆಂಬ ಪ್ರಶ್ನೆ ಅವರನ್ನು ಮಾಂಟೆಸೋರಿಯವರ ಪುಸ್ತಕಗಳತ್ತ ಒಯ್ದಿತು. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು, 1920ರಲ್ಲಿ ಅಲ್ಲಿ ಬಾಲಮಂದಿರ ತೆರೆದರು. ಮಕ್ಕಳು ಅವರನ್ನು ಕರೆದದ್ದು 'ಮೂಛಾಳಿ ಮಾ', ಅಂದರೆ ಮೀಸೆಯ ತಾಯಿ ಎಂದು. 'ದಿವಾಸ್ವಪ್ನ' ಪ್ರಕಟವಾದದ್ದು 1930ರ ದಶಕದ ಆರಂಭದಲ್ಲಿ. 1939ರ ಜೂನಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಕೊನೆಗೆ ಮಾಂಟೆಸೋರಿಯವರು ಮದರಾಸಿನ ಅಡ್ಯಾರಿಗೆ ಬಂದಿಳಿದರು.

ಇನ್ನು ನನಗೆ ಒಪ್ಪಿಗೆಯಾಗದ ಸಂಗತಿಗಳು.

ಪುಸ್ತಕದುದ್ದಕ್ಕೂ 'ಪ್ರಯೋಗ' ಎಂಬ ಮಾತು ಬರುತ್ತದೆ. ನಾನು ಬಿ.ಎಸ್ಸಿ. ಓದಿದವನು, ಪ್ರಯೋಗ ಎಂಬ ಮಾತು ಕೇಳಿದೊಡನೆ ಜರ್ನಲ್ ಪುಸ್ತಕ ನೆನಪಾಗುತ್ತದೆ. ಒಂದು ಗಿಡಕ್ಕೆ ಗೊಬ್ಬರ ಹಾಕಿದರೆ ಅಂಥದೇ ಇನ್ನೊಂದಕ್ಕೆ ಹಾಕದೆ ಬಿಟ್ಟು ಎರಡನ್ನೂ ಅಳೆಯಬೇಕು. ಅಳೆಯುವವನು ಗೊಬ್ಬರ ಮಾರುವವನಾಗಿರಬಾರದು. ಇಲ್ಲಿ ಪ್ರಯೋಗ ಮಾಡುವವನು, ನೋಡುವವನು, ಫಲಿತಾಂಶ ಬರೆಯುವವನು ಮೂವರೂ ಒಬ್ಬನೇ. ಅವನ ಹಿಂದೆ ನಿಂತ ಲೇಖಕರ ಕೈಯಲ್ಲಿ ಹುಡುಗರೂ ಇದ್ದಾರೆ, ಅಧಿಕಾರಿಯೂ ಇದ್ದಾರೆ. ಹೀಗಿದ್ದ ಮೇಲೆ ಕೊನೆಯ ಸಮ್ಮೇಳನದಲ್ಲಿ ಮೆಚ್ಚುಗೆ ಬಾರದೆ ಹೇಗಿದ್ದೀತು? ಇದು ಕಲ್ಪಿತ ಕಥನ, ಆದರೆ ಅನುಭವದ ಬೇರಿನಿಂದ ಬೆಳೆದದ್ದು ಎಂಬ ಮಾತು ಸರಿಯೇ. ಆದರೆ ಆ ಅನುಭವ ಯಾವುದು? ಬಾಲಮಂದಿರ ಎಳೆಯ ಮಕ್ಕಳದು. ಸಾಧನಗಳಿದ್ದವು, ಒಂದೇ ಮನಸ್ಸಿನ ಸಹೋದ್ಯೋಗಿಗಳಿದ್ದರು. ಲಕ್ಷ್ಮೀರಾಮನ ಇಯತ್ತೆ ಪರೀಕ್ಷೆ, ತನಿಖೆ, ಬೆತ್ತಗಳ ನಡುವಿನ ಸಾಮಾನ್ಯ ಶಾಲೆಯದು. ಒಂದು ಮಣ್ಣಿನಲ್ಲಿ ಬೆಳೆದದ್ದನ್ನು ಇನ್ನೊಂದರಲ್ಲಿ ನೆಟ್ಟು ತೋರಿಸಿದ್ದಾರೆ, ಕಾಗದದ ಮೇಲೆ.

ಗಣಿತಕ್ಕೆ ಈ ಪುಸ್ತಕದಲ್ಲಿ ಸಿಕ್ಕ ಜಾಗ ತೀರ ಕಡಿಮೆ. ಕತೆ, ಹಾಡು, ನಾಟಕ, ಇತಿಹಾಸಗಳ ಮಾತು ಬಂದಾಗ ಹರಿಯುವ ಲೇಖಕರ ಉತ್ಸಾಹ ಲೆಕ್ಕದ ಹತ್ತಿರ ಬಂದಾಗ ಬತ್ತುತ್ತದೆ. ಭಾಗಾಕಾರವನ್ನು ಕತೆಯಿಂದ ಕಲಿಸಲು ಬಾರದು ಎಂಬ ಅಡಚಣೆ ಎಲ್ಲ ಹೊಸ ಪದ್ಧತಿಗಳಿಗೂ ಎದುರಾಗುತ್ತದೆ. ಅದನ್ನು ಎದುರಿಸಿ ಎರಡು ಅಧ್ಯಾಯ ಬರೆದಿದ್ದರೆ ಪುಸ್ತಕದ ತೂಕ ಹೆಚ್ಚುತ್ತಿತ್ತು. ಇಯತ್ತೆಯಲ್ಲಿ ಹುಡುಗಿಯರಿಲ್ಲ ಎಂಬುದು ಇನ್ನೊಂದು. ಆ ಕಾಲದ ಶಾಲೆ ಹಾಗಿತ್ತೆಂದು ಸಮಾಧಾನ ಹೇಳಬಹುದು. ಆದರೆ ಕನಸೆಂದು ಹೆಸರಿಟ್ಟ ಮೇಲೆ ಕನಸಿನಲ್ಲಾದರೂ ನಾಲ್ಕು ಹುಡುಗಿಯರಿಗೆ ಮಣೆ ಹಾಕಬಹುದಿತ್ತು.

ಎಲ್ಲಕ್ಕಿಂತ ದೊಡ್ಡ ಆಕ್ಷೇಪಣೆ ಇತರ ಮಾಸ್ತರರ ಚಿತ್ರಣದ್ದು. ಅವರು ಬರುವುದೆಲ್ಲ ಹಂಗಿಸಲಿಕ್ಕೆ, ಅನುಮಾನಿಸಲಿಕ್ಕೆ, ಕಡೆಗೆ ಬೆರಗಾಗಲಿಕ್ಕೆ. ಲಕ್ಷ್ಮೀರಾಮ ತಾನಾಗಿ ಬಂದವನು. ಪ್ರಯೋಗ ಕೆಟ್ಟರೆ ಮನೆಗೆ ಹೋದಾನು. ಪಕ್ಕದ ಇಯತ್ತೆಯ ಮಾಸ್ತರ ಪಗಾರ ನಂಬಿದವನು. ತನಿಖೆಯ ದಿನ ಹುಡುಗರು ತಪ್ಪು ಉತ್ತರ ಹೇಳಿದರೆ ಅವನ ಬಡತಿ ನಿಲ್ಲುತ್ತದೆ. ಅವನ ಕೈಯ ಬೆತ್ತ ಅವನದಲ್ಲ, ಮೇಲಿನಿಂದ ಇಳಿದು ಬಂದದ್ದು. ಕೆಳಗಿನ ಮೇಜಿನಲ್ಲಿ ಕುಳಿತವನಿಗೆ ಇದು ಬೇಗ ಕಾಣುತ್ತದೆ. ಆ ಮಾಸ್ತರರಲ್ಲಿ ಒಬ್ಬನಾದರೂ ತನ್ನ ಮಾತನ್ನು ಪೂರ್ತಿ ಹೇಳಲು ಗಿಜುಭಾಯಿ ಎರಡು ಪುಟ ಕೊಟ್ಟಿದ್ದರೆ ಪುಸ್ತಕದ ವಾದ ಇನ್ನಷ್ಟು ಗಟ್ಟಿಯಾಗುತ್ತಿತ್ತು. ನಮ್ಮ ಪಂಜೆ ಮಂಗೇಶರಾಯರು ಇಲ್ಲಿ ನೆನಪಾಗುತ್ತಾರೆ. ಅವರು ಮಾಸ್ತರರೂ ಆಗಿದ್ದರು, ಶಾಲಾ ತನಿಖಾಧಿಕಾರಿಗಳೂ ಆಗಿದ್ದರು. ಮೇಜಿನ ಎರಡೂ ಬದಿಯನ್ನು ಕಂಡು, ಕಡೆಗೆ ಮಕ್ಕಳಿಗೆ ಕತೆ ಪದ್ಯಗಳನ್ನೇ ಬರೆದುಕೊಟ್ಟರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಆಟ, ನಾಟಕ, ನೃತ್ಯಗಳ ಪ್ರಯೋಗ ಮಾಡಿದರು, 'ಬಾಲಪ್ರಪಂಚ'ದ ಸಂಪುಟಗಳನ್ನು ತಂದರು. ಒಂದೇ ಕಾಲದ ಗಾಳಿ ಭಾವನಗರದಲ್ಲೂ ದಕ್ಷಿಣ ಕನ್ನಡದಲ್ಲೂ ಬೀಸುತ್ತಿತ್ತು. ನಮ್ಮಲ್ಲಿ ಇಲ್ಲದ್ದು ಒಂದು ಇಯತ್ತೆಯ ಇಡೀ ವರ್ಷವನ್ನು ಹೀಗೆ ದಿನಚರಿಯಂತೆ ಬರೆದಿಟ್ಟ ಪುಸ್ತಕ.

ಕನಸು ಕಾಗದದ ಮೇಲಷ್ಟೇ ಉಳಿಯಿತೇ ಎಂದರೆ, ಇಲ್ಲ. ನಾನು ಮೇಲೆ ಹೇಳಿದ ಆಕ್ಷೇಪಣೆಗೆ ಉತ್ತರ ಪುಸ್ತಕದೊಳಗಿಲ್ಲ, ನಮ್ಮ ಮುಂಬಯಿಗೆ ಹತ್ತಿರವೇ ಇದೆ. ಭಾವನಗರದಲ್ಲಿ ಗಿಜುಭಾಯಿಯವರ ಜೊತೆ ದುಡಿದ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ ಗ್ರಾಮದ ಮಕ್ಕಳ ಶಿಕ್ಷಣ ಕೇಂದ್ರ ತೆರೆದರು. ಮುಂದೆ ಅನುತಾಯಿ ವಾಘರೊಡನೆ ಡಹಾಣೂ ಬಳಿಯ ಕೋಸಬಾಡದಲ್ಲಿ ವಾರ್ಲಿ ಮಕ್ಕಳ ನಡುವೆ ಕೆಲಸ ಮಾಡಿದರು. ಮಾಂಟೆಸೋರಿಯ ಬೆಲೆಬಾಳುವ ಸಾಧನಗಳ ಬದಲು ಕಲ್ಲು, ಕಾಯಿ, ಎಲೆ, ಬೀಜ. ಶಾಲೆಗೆ ಬಾರದ ಮಕ್ಕಳ ಅಂಗಳಕ್ಕೇ ಶಾಲೆ ಹೋಯಿತು. ದನ ಕಾಯುವ ಹುಡುಗರಿಗಾಗಿ ಹುಲ್ಲುಗಾವಲಿಗೂ ಹೋಯಿತು. ದೇಶದ ತುಂಬ ಹರಡಿದ ಅಂಗನವಾಡಿಯ ಕಲ್ಪನೆಗೆ ಮೂಲ ಈ ಕೆಲಸದಲ್ಲಿದೆ. ವಿರಾರ್ ದಾಟಿ ಡಹಾಣೂ ಲೋಕಲ್ಲಿನಲ್ಲಿ ಚಿಕ್ಕೂ ಹಣ್ಣು ತರಲು ಹೋಗುವ ನಮ್ಮವರು ಮುಂದಿನ ಸಲ ಇದನ್ನೂ ನೆನೆದರೆ ಒಳ್ಳೆಯದು.

ಸರಕಾರ ಈ ವಿಚಾರವನ್ನು ಕೇಳಿಯೇ ಇಲ್ಲ ಎಂದೂ ಹೇಳಲಾಗದು. ನಮ್ಮ ಮೈಸೂರಿನ ಆರ್.ಕೆ. ನಾರಾಯಣರು ರಾಜ್ಯಸಭೆಯಲ್ಲಿ ಮಾತಾಡಿದ್ದು ಮಕ್ಕಳ ಬೆನ್ನಿನ ಚೀಲದ ಭಾರದ ಬಗೆಗೆ. ಆಮೇಲೆ ಪ್ರೊಫೆಸರ್ ಯಶಪಾಲರ ಸಮಿತಿ 1993ರಲ್ಲಿ ವರದಿ ಕೊಟ್ಟಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ನಪಾಸು ಮಾಡಿ ಹಿಂದೆ ಉಳಿಸಬಾರದೆಂದಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಉಳಿಸುವ ಅಧಿಕಾರವನ್ನು ಸರಕಾರಗಳ ಕೈಗೆ ಮರಳಿಸಿತು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ತನ್ನ ಶಾಲೆಗಳಿಗಾಗಿ ಆ ನಿಯಮವನ್ನು ಹೊರಡಿಸಿತು. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಲಕ್ಷ್ಮೀರಾಮನಿಗೆ ಪರೀಕ್ಷೆಯ ಷರತ್ತು ಹಾಕಿದ ಅಧಿಕಾರಿ ಇನ್ನೂ ನಿವೃತ್ತರಾಗಿಲ್ಲ.

ಈ ಪುಸ್ತಕದ ವಿಚಾರ ನಮ್ಮ ಸಂಘದ ಪತ್ರಿಕೆಗೆ ಯಾಕೆ ಎಂದು ಕೇಳುವವರಿದ್ದಾರೆ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಪ್ರಾಥಮಿಕ ಶಾಲೆ ನಡೆಸಿದ್ದು. ಅವುಗಳಲ್ಲಿ ಕನ್ನಡವೂ ಒಂದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತ ಹುಡುಗರ ಪೀಳಿಗೆಯೂ ಈ ಊರಲ್ಲಿ ಆಗಿಹೋಯಿತು. ಈಗ ಕನ್ನಡ ಮಾಧ್ಯಮಕ್ಕೆ ಮಕ್ಕಳು ಬರುವುದು ಕಡಿಮೆಯಾಗಿ, ನಮ್ಮಂಥವರ ಮನೆಯಲ್ಲಿ ಉಳಿದದ್ದು ರವಿವಾರದ ಕನ್ನಡ ವರ್ಗವೊಂದೇ. ವಾರಕ್ಕೆ ಒಂದೂವರೆ ತಾಸು. ಊರಿನ ಅಜ್ಜಿಯೊಡನೆ ಫೋನಿನಲ್ಲಿ ಚೆನ್ನಾಗಿ ಮಾತಾಡುವ ಮಗು ಊರಿಗೆ ಹೋದಾಗ ಬಸ್ಸಿನ ಫಲಕ ಓದಲಾರದು. ಇದಕ್ಕೆ ಪರಿಹಾರವೆಂದು ಕೆಲವರು ಪಠ್ಯಪುಸ್ತಕ, ಪರೀಕ್ಷೆ, ಪ್ರಮಾಣಪತ್ರಗಳ ಸಲಹೆ ಕೊಡುತ್ತಾರೆ. ಸೋಮವಾರದಿಂದ ಶನಿವಾರದವರೆಗೆ ಪಠ್ಯಪುಸ್ತಕ ಹೊತ್ತ ಮಗು ರವಿವಾರ ಇನ್ನೊಂದನ್ನು ಹೊರಲು ಬಂದೀತೇ? ಒಂದು ತಿಂಗಳು ಬಂದೀತು, ಆಮೇಲೆ ಅದಕ್ಕೆ ಪ್ರತಿ ರವಿವಾರವೂ ಹೊಟ್ಟೆನೋವು.

ಲಕ್ಷ್ಮೀರಾಮನ ಉಪಾಯವನ್ನು ಹಾಗೆಯೇ ಎತ್ತಿ ತರಲೂ ಬಾರದು ಎಂಬುದನ್ನು ಒಪ್ಪುತ್ತೇನೆ. ಅವನಿಗೆ ದಿನವೂ ಇಡೀ ಶಾಲೆಯ ಹೊತ್ತಿತ್ತು. ಇಂದು ಅರ್ಧಕ್ಕೆ ನಿಂತ ಕತೆಗೆ ನಾಳೆ ಎಂಬುದಿತ್ತು. ನಮಗೆ ಏಳು ದಿನದ ಕಂದಕ. ಅವನ ಹುಡುಗರೆಲ್ಲರ ಕಿವಿಯಲ್ಲಿ ಒಂದೇ ಗುಜರಾತಿ. ನಮ್ಮ ವರ್ಗದಲ್ಲಿ ಧಾರವಾಡದ ಮಗು ಸಾಲಿ ಎಂದರೆ ಮೈಸೂರಿನ ಮಗು ಸ್ಕೂಲು ಎನ್ನುತ್ತದೆ. ಉಡುಪಿಯ ಮಗುವಿನ ಮನೆಮಾತು ತುಳು, ಕಾರವಾರದ್ದಕ್ಕೆ ಕೊಂಕಣಿ. ಯಾವ ಕನ್ನಡದಲ್ಲಿ ಕತೆ ಹೇಳುವುದು? ನನ್ನ ಮಟ್ಟಿಗೆ, ಹೇಳುವವರ ಕನ್ನಡದಲ್ಲೇ. ಈ ವಾರ ಬಿಜಾಪುರದ ಅಜ್ಜ, ಮುಂದಿನ ವಾರ ಕುಂದಾಪುರದ ಅಮ್ಮ. ಪುಸ್ತಕದ ಕನ್ನಡ ಓದುವಾಗ ತಾನಾಗಿ ಬರುತ್ತದೆ. ಓದಬೇಕೆಂಬ ಆಸೆ ಮೊದಲು ಬರಬೇಕು. ಕತೆಯನ್ನು ಕುತೂಹಲದ ಜಾಗದಲ್ಲಿ ನಿಲ್ಲಿಸಿ, ಉಳಿದದ್ದು ಈ ಪುಸ್ತಕದಲ್ಲಿದೆ ಎಂದು ಮಗುವಿನ ಕೈಗೆ ಕೊಟ್ಟು ಕಳಿಸಿದರೆ ಏಳು ದಿನದ ಕಂದಕವೇ ಉಪಯೋಗಕ್ಕೆ ಬಂದೀತು. ಅದಕ್ಕೆ ಬೇಕಾದದ್ದು ಮೂವತ್ತು ಮಕ್ಕಳಿಗೆ ಒಂದೇ ಪಠ್ಯದ ಮೂವತ್ತು ಪ್ರತಿಗಳಲ್ಲ, ಮೂವತ್ತು ಬೇರೆ ಬೇರೆ ಪುಸ್ತಕಗಳು. ಅಕ್ಷರ ಕಲಿಸುವ ಕೆಲಸ ಇದರಿಂದ ತಪ್ಪುವುದಿಲ್ಲ ಎಂಬುದೂ ನಿಜ. ಒತ್ತಕ್ಷರ ಕತೆಯಿಂದ ಬರುವುದಿಲ್ಲ, ತಿದ್ದಿಯೇ ಬರಬೇಕು. ಗಿಜುಭಾಯಿ ಗಣಿತದಲ್ಲಿ ಹೇಗೆ ತಡವರಿಸಿದರೋ ನಾವು ಒತ್ತಕ್ಷರದಲ್ಲಿ ಹಾಗೆ ತಡವರಿಸಬೇಕಾಗುತ್ತದೆ.

ಕಾರ್ಯಕಾರಿ ಸಮಿತಿ ಹೊಸ ವರ್ಷದ ವರ್ಗಕ್ಕೆ ಪುಸ್ತಕಗಳ ಹಣ ಗೊತ್ತುಮಾಡುವ ಮುಂಚೆ ಸದಸ್ಯರು ಈ ಪುಸ್ತಕದ ಮೊದಲ ಎರಡು ಭಾಗಗಳನ್ನಾದರೂ ಓದಲಿ ಎಂಬುದು ನನ್ನ ಕೋರಿಕೆ. ನಾನು ಓದಿದ್ದು ಕಾಶೀನಾಥ ತ್ರಿವೇದಿಯವರ ಹಿಂದಿ ಅನುವಾದ ಮತ್ತು ನ್ಯಾಶನಲ್ ಬುಕ್ ಟ್ರಸ್ಟಿನ ಇಂಗ್ಲಿಷ್ ಅನುವಾದ. ಎರಡರಲ್ಲಿ ಹಿಂದಿಯದೇ ಮೇಲು. ಹುಡುಗರ ಮಾತು, ಮಾಸ್ತರರ ಕುಹಕ, ಹಳ್ಳಿಯ ಹಾಡು ಇಂಗ್ಲಿಷಿನಲ್ಲಿ ಇಸ್ತ್ರಿ ಹಾಕಿದಂತೆ ಸಪಾಟಾಗಿವೆ. ಹಿಂದಿಯಲ್ಲಿ ನೆರಿಗೆ ಉಳಿದಿದೆ. ಗುಜರಾತಿ ಓದಬಲ್ಲವರು ನಮ್ಮಲ್ಲಿ ಇದ್ದೇ ಇದ್ದಾರೆ, ವ್ಯಾಪಾರದ ಮನೆಗಳಲ್ಲಿ ವಿಶೇಷವಾಗಿ. ಅವರು ಮೂಲವನ್ನು ಓದಿ ನನ್ನ ಈ ಮಾತು ಸರಿಯೇ ಎಂದು ನೋಡಲಿ. ಸಂಘದ ವಾಚನಾಲಯದಲ್ಲಿ ಹಿಂದಿ ಪ್ರತಿ ಒಂದಿದೆ, ಸದ್ಯ ನನ್ನ ಹತ್ತಿರ. ಬರುವ ರವಿವಾರ ಹಿಂದಿರುಗಿಸುತ್ತೇನೆ.